ಉಣ್ಣೆ ಬಟ್ಟೆಗೆ ಅಂಟುವಾಳ: ಇಡೀ ಕಾಯಿ ಕೊಳ್ಳಿ, ಪುಡಿ ಬೇಡ

ಶಿವಮೊಗ್ಗದ ಗ್ರಂದಿಗೆ ಅಂಗಡಿಗಳಲ್ಲಿ ಅಂಟುವಾಳ ಎರಡು ರೂಪದಲ್ಲಿ ಸಿಗುತ್ತದೆ: ಬೀಜಸಮೇತ ಒಣಗಿಸಿದ ಇಡೀ ಕಾಯಿ ಮತ್ತು ಪೊಟ್ಟಣ ಕಟ್ಟಿದ ಪುಡಿ. ಸ್ವೆಟರ್, ಶಾಲು, ಮಫ್ಲರುಗಳನ್ನು ಒಗೆಯಲು ಎರಡನ್ನೂ ಬಳಸಿ ನೋಡಿದ ಮೇಲೆ ಹೇಳುವುದಾದರೆ, ಕಾಯಿ ನಿಜಕ್ಕೂ ಒಳ್ಳೆಯ ವಸ್ತು. ಪುಡಿ ತಲೆಸ್ನಾನಕ್ಕಿರಲಿ, ಉಣ್ಣೆಗೆ ಬೇಡ. ಪುಡಿಯಲ್ಲಿರುವ ಸಿಪ್ಪೆಯ ಸಣ್ಣ ಚೂರುಗಳು ಹೆಣಿಗೆಯ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಅವನ್ನು ಬಿಡಿಸಬೇಕಾದರೆ ಬಟ್ಟೆಯನ್ನು ಉಜ್ಜಬೇಕು, ಉಣ್ಣೆಗೆ ಆಗದಿರುವುದೇ ಉಜ್ಜುವುದು.

ಉಣ್ಣೆಯೆಂದರೆ ಕುರಿಯ ಕೂದಲು, ಅಂದರೆ ಕೆರಾಟಿನ್ ಎಂಬ ಪ್ರೋಟೀನು. ಬಟ್ಟೆ ಸೋಪಿನ ಕ್ಷಾರ ಅದನ್ನು ನಿಧಾನವಾಗಿ ಸವೆಸುತ್ತದೆ. ಕಲೆ ತೆಗೆಯಲೆಂದು ಹಲವು ಡಿಟರ್ಜೆಂಟುಗಳಿಗೆ ಬೆರೆಸುವ ಪ್ರೋಟಿಯೇಸ್ ಕಿಣ್ವಕ್ಕಂತೂ ಕಲೆಯ ಪ್ರೋಟೀನು ಯಾವುದು, ಬಟ್ಟೆಯ ಪ್ರೋಟೀನು ಯಾವುದು ಎಂಬ ಭೇದವೇ ಇಲ್ಲ. ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ಕ್ಷಾರದ ಹಂಗಿಲ್ಲದೆ ನೊರೆ ಕೊಟ್ಟು ಕೊಳೆ ಬಿಡಿಸುತ್ತದೆ. ಅದರ ರಸ ತುಸು ಆಮ್ಲೀಯವಾಗಿರುವುದರಿಂದ ಉಣ್ಣೆಗೆ ಹಿತವಾಗಿರುತ್ತದೆ. ಉಣ್ಣೆಗೆಂದೇ ತಯಾರಾದ ದ್ರವ ಸೋಪುಗಳು ಇದೇ ಕೆಲಸವನ್ನು ಕಡಿಮೆ ಶ್ರಮದಲ್ಲಿ ಮಾಡುತ್ತವೆ. ಬಿಳಿಯ ಅಥವಾ ಕೆನೆ ಬಣ್ಣದ ಸ್ವೆಟರಿಗೆ ನಾನು ಅವನ್ನೇ ಆರಿಸುತ್ತೇನೆ, ಏಕೆಂದರೆ ಅಂಟುವಾಳದ ಕಂದು ರಸ ತಿಳಿಬಣ್ಣದ ಮೇಲೆ ಹಳದಿ ಛಾಯೆ ಉಳಿಸುತ್ತದೆ. ಕೊರಳಪಟ್ಟಿಯ ಎಣ್ಣೆ ಜಿಡ್ಡನ್ನು ತೆಗೆಯುವುದರಲ್ಲಿಯೂ ದ್ರವ ಸೋಪಿನದೇ ಮೇಲುಗೈ.

ಒಂದು ಸ್ವೆಟರಿಗೆ ಹತ್ತು ಹನ್ನೆರಡು ಕಾಯಿ ಸಾಕು. ಬೀಜ ತೆಗೆದು ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ, ಆ ರಸವನ್ನು ಅರ್ಧ ಬಕೆಟ್ ನೀರಿಗೆ ಬೆರೆಸಬೇಕು. ಬಚ್ಚಲ ಹಂಡೆಯ ಕುದಿನೀರಿನ ಆಸೆ ಬೇಡ. ಕೈಗೆ ಬೆಚ್ಚಗೆನಿಸದಷ್ಟು, ಅಂದರೆ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನ ನೀರೇ ಸರಿ. ಕೂದಲಿನ ಮೈಮೇಲೆ ಮೀನಿನ ಹುರುಪೆಯಂತೆ ಸೂಕ್ಷ್ಮ ಪದರಗಳಿರುತ್ತವೆ. ಬಿಸಿ, ತೇವ, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಹಾಗಾಗಿ ಒಗೆಯುವ ಕಲ್ಲಿಗೆ ಬಡಿಯದೆ, ನೀರಿನಲ್ಲಿ ಮೆಲ್ಲಗೆ ಅದುಮಿ ಅದುಮಿ ಒಗೆದು, ಅಷ್ಟೇ ಬಿಸಿಯ ನೀರಿನಲ್ಲಿ ಜಾಲಿಸಬೇಕು. ರಸ ಕಣ್ಣಿಗೆ ಬಿದ್ದರೆ ವಿಪರೀತ ಉರಿಯುತ್ತದೆ, ಮಿಕ್ಕಿದ್ದನ್ನು ಇಟ್ಟರೆ ಕೆಲವೇ ದಿನಗಳಲ್ಲಿ ಹುಳಿಯುತ್ತದೆ. ಒಗೆದ ನೀರನ್ನು ಹಳ್ಳಕ್ಕೋ ಕೆರೆಗೋ ಚೆಲ್ಲಬಾರದು. ಸಪೋನಿನ್ ಮೀನಿಗೆ ವಿಷ.

ಒಣಗಿಸುವ ವಿಷಯದಲ್ಲಿ ಯಾವ ಸೋಪೂ ನಮ್ಮನ್ನು ಕಾಯುವುದಿಲ್ಲ. ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಸುರಿಯುವ ಆಗುಂಬೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವಾಂಶವನ್ನು ಹೀರಿಕೊಂಡೂ ಕೈಗೆ ಒದ್ದೆಯೆನಿಸುವುದಿಲ್ಲ. ಒಣಗಿದೆಯೆಂದು ಮಡಿಸಿಟ್ಟ ಸ್ವೆಟರಿಗೆ ಬೂಷ್ಟು ಹಿಡಿಯುವುದು ಇದರಿಂದಲೇ. ಆದ್ದರಿಂದ ಮಳೆಗಾಲದಲ್ಲಿ ಒಗೆಯುವುದನ್ನೇ ತಪ್ಪಿಸಿ, ಅಡಿಕೆ ಒಣಗಿಸುವ ದಿನಗಳ ಒಣಹವೆಗೆ ಕಾಯುವುದು ಮೇಲು. ಒಗೆದದ್ದನ್ನು ಹಿಂಡದೆ, ಒಣ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರಡಬೇಕು. ನೇಲೆಗೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಜೋತು ಉದ್ದವಾಗುತ್ತದೆ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ, ಬಚ್ಚಲೊಲೆಯ ಮೇಲಿಟ್ಟರೆ ಹೊಗೆಯ ವಾಸನೆ ಮುಂದಿನ ಮಳೆಗಾಲದವರೆಗೂ ಬಿಡದು.

ಒಗೆಯದೆ ತೆಗೆದಿಡುವುದು ನುಸಿಯನ್ನು ಕರೆದಂತೆ. ಬೆವರು, ಅನ್ನದ ಜಿಡ್ಡು ಅಂಟಿದ ಜಾಗವನ್ನೇ ಹುಡುಕಿ ಬಟ್ಟೆಪತಂಗದ ಮರಿಹುಳುಗಳು ತೂತು ಕೊರೆಯುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲ ಹುಳುವನ್ನು ತಡೆದರೂ, ನಮ್ಮ ಹವೆಯಲ್ಲಿ ಪೂರ್ತಿ ಒಣಗದ ಬಟ್ಟೆಯನ್ನು ಅದರಲ್ಲಿ ಹಾಕಿಟ್ಟರೆ ಬೂಷ್ಟಿಗೆ ಅದೇ ಮನೆ. ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟು ಮಳೆ ಬಿಟ್ಟಾಗಲೆಲ್ಲ ಬಿಚ್ಚಿ ಗಾಳಿಗಿಡುವುದು ಲೇಸು. ಲಾವಂಚದ ಬೇರು ಪರಿಮಳ ಕೊಡುತ್ತದೆ, ಆದರೆ ಅದೊಂದನ್ನೇ ನಂಬುವವಳು ನಾನಲ್ಲ. ನುಸಿಗುಳಿಗೆ ಕೆಲಸ ಮಾಡುತ್ತದೆ. ಎಳೆಯ ಮಕ್ಕಳ ಬಟ್ಟೆಯೊಂದಿಗೆ ಮಾತ್ರ ಅದನ್ನು ಇಡಕೂಡದು.

ಕಂಬಳಿಗೆಂದು ಅಂಟುವಾಳ ಕೊಳ್ಳುವವರಿದ್ದರೆ ತುಸು ನಿಲ್ಲಿ. ಚಳ್ಳಕೆರೆಯ ಕಡೆಯಿಂದ ಬರುವ ಕರಿ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿರುತ್ತಾರೆ. ಪದೇ ಪದೇ ನೀರಿಗೆ ಹಾಕಿದರೆ ಗಂಜಿ ಹೋಗಿ ಅದರ ಬಿಗಿ ಸಡಿಲವಾಗುತ್ತದೆ. ಅದನ್ನು ಕೊಡವಿ ಗಾಳಿಗೆ ಹರಡಿದರೆ ಸಾಕು.

ಕೊಳ್ಳುವಾಗ ಕಾಯಿಯನ್ನು ಒಂದೆರಡು ಒಡೆಸಿ ನೋಡಿ. ಸಿಪ್ಪೆಯ ಒಳಮೈ ಹೊಳೆಯುತ್ತ ಬೆರಳಿಗೆ ಅಂಟುವಂತಿದ್ದರೆ ತೆಗೆದುಕೊಳ್ಳಿ. ಹಗುರಾಗಿ ಪುಡಿಪುಡಿಯಾಗುವಂಥದ್ದು ಹಳೆಯ ದಾಸ್ತಾನು, ಅದರಲ್ಲಿ ನೊರೆ ಬರುವುದಿಲ್ಲ.