ಮೊದಲ ಸೌಟಿಗೆ ಹಸಿ ಮರವೋ, ಒಣ ಮರವೋ?

ಹಿತ್ತಿಲ ಹಲಸಿನ ಕೊಂಬೆ ಗಾಳಿಗೆ ಮುರಿದು ಬಿದ್ದಿದ್ದರೆ ಅದನ್ನು ಒಲೆಗೆ ಹಾಕಬೇಡಿ. ಕೊಡಲಿ, ಚೂರಿ ಎರಡೇ ಇಟ್ಟುಕೊಂಡು ಸೌಟು ಕೆತ್ತಲು ಕಲಿಯುವವರಿಗೆ ಹಸಿ ಮರಕ್ಕಿಂತ ಒಳ್ಳೆಯ ಗುರುವಿಲ್ಲ. ನೀರು ತುಂಬಿದ ನಾರು ಮೆದು. ಚೂರಿ ಎಳೆದಂತೆ ಹಳದಿ ಸಿಪ್ಪೆ ಸುರುಳಿ ಸುತ್ತಿಕೊಂಡು ಅಂಗಳಕ್ಕೆ ಬೀಳುತ್ತದೆ, ಬೆರಳು ತೇವವಾಗುತ್ತದೆ. ಅದೇ ಕೊಂಬೆ ಒಣಗಿದ ಮೇಲೆ ಮಣಿಕಟ್ಟು ನೋಯುತ್ತದೆ. ಉಳಿ, ಕೊಡತಿ ಹುಡುಕಬೇಕಾಗುತ್ತದೆ.

ಹಸಿ ಮರದ ದೊಡ್ಡ ದೋಷ ಬಿರುಕು. ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗಿಳಿದಾಗ ಮರ ಕುಗ್ಗತೊಡಗುತ್ತದೆ. ಕೊಂಬೆಯನ್ನು ಅಡ್ಡ ಕಡಿದಾಗ ಕಾಣುವ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನದರ ಹೆಚ್ಚುಕಡಿಮೆ ಎರಡರಷ್ಟು. ಈ ಏರುಪೇರಿನ ಎಳೆತಕ್ಕೇ ಮರ ಸೀಳುವುದು. ಹಾಗಾಗಿ ಕೊಂಬೆಯನ್ನು ಉದ್ದಕ್ಕೆ ಸೀಳಿ, ನಡುವಿನ ತಿರುಳನ್ನು ಪೂರ್ತಿ ಕೆತ್ತಿ ತೆಗೆಯಿರಿ. ತಿರುಳು ಉಳಿಸಿಕೊಂಡಿದ್ದ ನನ್ನ ಸೌಟೊಂದು ಮಾರ್ಚ್ ಬಿಸಿಲಿಗೆ ಮೂರೇ ದಿನದಲ್ಲಿ ಬಾಯಿ ಬಿಟ್ಟಿತು. ಮಲೆನಾಡಿನ ಮಳೆಗಾಲದಲ್ಲಿ ಮರ ನಿಧಾನವಾಗಿ ಒಣಗುತ್ತದೆ, ಅದು ಒಳ್ಳೆಯದೇ. ಬೂಸು ಹಿಡಿಯದಂತೆ ಗಾಳಿಯಾಡುವ ಅಟ್ಟದಲ್ಲಿಡಿ.

ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಬಿಡಿಸುವಂಥ ಬಳ್ಳಿ, ಹೂವು ನಿಮ್ಮ ಆಸೆಯಾದರೆ ಒಣ ಮರವೇ ಸರಿ. ಕೊರೆದ ಗೆರೆ ಕೊರೆದಲ್ಲೇ ನಿಲ್ಲುತ್ತದೆ. ಮುಚ್ಚಳವಿರುವ ಪೆಟ್ಟಿಗೆಗೂ ಅಷ್ಟೆ. ಆದರೆ ಸೌಟು ಕೊಂಚ ಸೊಟ್ಟಗಾದರೆ ಸಾರು ಬಡಿಸಲು ಏನೂ ಅಡ್ಡಿಯಿಲ್ಲ. ಅದನ್ನು ಹಸಿಯಲ್ಲೇ ರೂಪಕ್ಕೆ ತನ್ನಿ, ಒಂದೆರಡು ವಾರ ನೆರಳಲ್ಲಿ ಒಣಗಿಸಿ, ಹರಿತ ಚೂರಿಯಿಂದ ಕೊನೆಯ ತೆಳು ಪದರ ತೆಗೆದು ಎಣ್ಣೆ ಸವರಿ.