ಮಲೆನಾಡಿನ ಅಂಗಳಕ್ಕೆ ಕೆಂಪೆಲೆ ಬೇಕೇ? ಬಾದಾಮಿ, ಹೊಳೆದಾಸವಾಳ, ದಾಲ್ಚಿನ್ನಿ ಬೆಳೆಸಿ ನೋಡಿದ್ದು

ನವೆಂಬರ್ ಬಂತೆಂದರೆ ಮೊಬೈಲ್ ತುಂಬ ಕಾಶ್ಮೀರದ ಚಿನಾರ್ ಮರಗಳ ಫೋಟೋ. ಕೆಂಪು, ಕೇಸರಿ, ಹಳದಿ. ಮನೆ ಮುಂದೆ ಅಂಥದ್ದೊಂದು ಮರ ಇರಬೇಕು ಅನ್ನುವ ಆಸೆ ನನಗೂ ತಂಗಿಗೂ ಹಳೆಯದು. ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆ, ಅವಳದು ಶಿವಮೊಗ್ಗದಲ್ಲಿ. ಎಲೆಗೆ ಬಣ್ಣ ಬರುವ ಗಿಡಗಳನ್ನು ಇಬ್ಬರೂ ಹಂಚಿಕೊಂಡು ನೆಟ್ಟು, ವರ್ಷ ವರ್ಷವೂ ಹೋಲಿಸಿ ನೋಡುತ್ತಾ ಬಂದಿದ್ದೇವೆ. ನಡುವೆ ಇರುವುದು ಸುಮಾರು 60 ಕಿ.ಮೀ. ಅಷ್ಟೆ. ಆದರೆ ಹವೆ ಪೂರಾ ಬೇರೆ. ಅಲ್ಲಿ ಮಳೆ ಕಮ್ಮಿ, ಬಿಸಿಲು ಜಾಸ್ತಿ, ಮಣ್ಣು ಬೇಗ ಒಣಗುತ್ತದೆ. ನಮ್ಮಲ್ಲಿ ಸುತ್ತ ಅಡಿಕೆ ತೋಟ, ಹಲಸಿನ ನೆರಳು, ಜನವರಿಯಲ್ಲೂ ಬೆಳಿಗ್ಗೆ ಹೊತ್ತೇರುವವರೆಗೆ ಇಬ್ಬನಿ ಆರುವುದಿಲ್ಲ.

ಮೊದಲು ತಿಳಿಯಬೇಕಾದದ್ದು ಕಾಲದ ವಿಷಯ. ದೀಪಾವಳಿ ಹೊತ್ತಿಗೆ ನಮ್ಮ ಕಡೆ ಎಲ್ಲ ಹಸಿರೋ ಹಸಿರು. ಬಣ್ಣ ಶುರುವಾಗುವುದು ಡಿಸೆಂಬರ್ ಕೊನೆಗೆ. ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಅದರ ಜೋರು. ಶ್ರೀನಗರದಲ್ಲಿ ಡಿಸೆಂಬರಿನ ಹಗಲು ಸುಮಾರು 10 ಗಂಟೆಗೆ ಇಳಿಯುತ್ತದೆ, ಮೇಲೆ ಕೊರೆಯುವ ಚಳಿ. ಶಿವಮೊಗ್ಗದಲ್ಲಿ ಅತಿ ಗಿಡ್ಡ ಹಗಲೂ 11 ಗಂಟೆಗಿಂತ ಜಾಸ್ತಿಯೇ ಇರುತ್ತದೆ. ನಮ್ಮ ಮರಗಳು ಎಲೆ ಉದುರಿಸುವುದು ಮುಖ್ಯವಾಗಿ ಮಣ್ಣು ಒಣಗಿದ್ದಕ್ಕೆ. ಹಾಗಾಗಿ ಚಳಿಯನ್ನೇ ನಂಬಿ ಬಣ್ಣ ಕಟ್ಟುವ ಗಿಡ ಇಲ್ಲಿ ತಂದರೆ ಅದಕ್ಕೆ ದಿಕ್ಕೇ ತಿಳಿಯುವುದಿಲ್ಲ. ತಂಗಿಗೆ ಯಾರೋ ಒಂದು ಜಪಾನಿ ಮೇಪಲ್ ಕುಂಡವನ್ನು ಉಡುಗೊರೆ ಕೊಟ್ಟಿದ್ದರು. ಏಪ್ರಿಲ್ ಬಿಸಿಲಿಗೆ ಅದರ ಎಲೆಯಂಚು ಸುಟ್ಟು ಕಂದಾಯಿತು, ಕೆಂಪು ಬರಲೇ ಇಲ್ಲ. ಮೇಪಲ್ ಬಗ್ಗೆ ಇಷ್ಟು ಸಾಕು.

ಎಲೆಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಗಿಡ ಎಲ್ಲಿ ನೆಡಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಹಳದಿ ಬಣ್ಣ ಎಲೆಯಲ್ಲಿ ಮೊದಲಿಂದಲೂ ಇರುತ್ತದೆ. ಪತ್ರಹರಿತ್ತು ಕರಗಿದಾಗ ಅದು ಹೊರಗೆ ಕಾಣುತ್ತದೆ, ಅಷ್ಟೆ. ಕೆಂಪು ಹಾಗಲ್ಲ, ಅದನ್ನು ಎಲೆ ಹೊಸದಾಗಿ ತಯಾರಿಸಬೇಕು. ಅದರ ಹೆಸರು ಆಂಥೋಸಯನಿನ್. ನಮ್ಮ ಮುರುಗಲು ಹಣ್ಣಿನ ಸಿಪ್ಪೆಗೆ ಕೆಂಪು ಬರುವುದೂ ಇದೇ ಜಾತಿಯ ಬಣ್ಣದಿಂದ. ಇದಕ್ಕೆ ಎಲೆಯಲ್ಲಿ ಸಕ್ಕರೆ ಇರಬೇಕು, ನೇರ ಬಿಸಿಲು ಬೀಳಬೇಕು. ಹಗಲು ಚುರುಕು ಬಿಸಿಲು, ರಾತ್ರಿ ತಂಪು ಇದ್ದರೆ ಬಹಳ ಒಳ್ಳೆಯದು. ಗೊಬ್ಬರ ಜಾಸ್ತಿಯಾಗಿ ಗಿಡ ಸೊಕ್ಕಿದರೆ ಹಸಿರು ಬಿಡುವುದೇ ಇಲ್ಲ.

ಇನ್ನು ಹೋಲಿಕೆಗೆ ಬರೋಣ.

ಬಾದಾಮಿ ಮರ, ಅಂದರೆ ಕಾಡುಬಾದಾಮಿ. ಉದುರುವ ಎಲೆಯ ಬಣ್ಣದಲ್ಲಿ ಇದನ್ನು ಮೀರಿಸುವ ಮರ ನಮ್ಮಲ್ಲಿಲ್ಲ. ಒಂದೊಂದು ಎಲೆಯೂ ಅಂಗೈಗಿಂತ ದೊಡ್ಡದು. ಮೊದಲು ನರಗಳ ನಡುವೆ ಹಳದಿ ಬರುತ್ತದೆ, ಆಮೇಲೆ ತುದಿಯಿಂದ ಕೇಸರಿ, ಕೊನೆಗೆ ದಟ್ಟ ಕೆಂಪು. ಬಿದ್ದ ಎಲೆ ಎತ್ತಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೊಂಬೆಯಲ್ಲಿದ್ದಾಗ ಮೇಲೊಂದು ಎಲೆ ಅಡ್ಡ ಬಂದಿದ್ದರೆ, ಅದರ ನೆರಳಿನಷ್ಟೇ ಜಾಗ ಹಳದಿಯಾಗಿ ಉಳಿದು ಸುತ್ತ ಕೆಂಪಾಗಿರುತ್ತದೆ. ಗೆರೆ ಎಳೆದಷ್ಟು ಚೊಕ್ಕವಾಗಿ ಅಂಚು ಕಾಣುತ್ತದೆ. ಕೆಂಪಿಗೆ ಬಿಸಿಲು ಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಲ್ಲಿ ತಂಗಿಯೇ ಗೆದ್ದಳು. ಜನವರಿಯಲ್ಲಿ ಫೋನ್ ಮಾಡಿ, "ಅಕ್ಕಾ, ನಮ್ಮನೇದು ಪೂರ್ತಿ ಕೆಂಪಾಯ್ತು. ನಿಂದಿನ್ನೂ ಹಸಿರೇ ಅಲ್ವಾ?" ಅನ್ನುತ್ತಾಳೆ. ನಿಜವೇ. ಅವಳ ಮರ ರಸ್ತೆ ಬದಿಯಲ್ಲಿದೆ. ಇಡೀ ದಿನ ಬಿಸಿಲು, ಬುಡಕ್ಕೆ ಯಾರೂ ನೀರು ಹಾಕುವುದಿಲ್ಲ. ನಮ್ಮದು ಬಚ್ಚಲ ನೀರು ಹರಿಯುವ ಕಡೆ ಇದೆ. ಬೇರಿಗೆ ಸದಾ ತೇವ ಸಿಗುವುದರಿಂದ ಎಲೆ ಒಟ್ಟಿಗೆ ಉದುರುವುದಿಲ್ಲ, ಇವತ್ತು ನಾಲ್ಕು, ನಾಳೆ ಆರು. ಮರದಲ್ಲಿ ಬಣ್ಣ ತುಂಬಿ ನಿಲ್ಲುವುದೇ ಇಲ್ಲ.

ಆದರೂ ಸಣ್ಣ ಅಂಗಳಕ್ಕೆ ಬಾದಾಮಿ ಬೇಡ ಅಂತಲೇ ನಾನು ಹೇಳುವುದು. ಮರ ಅಂತಸ್ತು ಅಂತಸ್ತಾಗಿ ಅಡ್ಡ ಹರಡುತ್ತದೆ, ಎತ್ತರಕ್ಕೂ ಹೋಗುತ್ತದೆ. ಎಲೆ ಮಾಡಿನ ನೀರು ಹರಿಯುವ ದಂಬೆಗೆ ಬಿದ್ದರೆ ನೀರು ಕಟ್ಟುತ್ತದೆ. ಹಣ್ಣಿಗೆ ಬಾವಲಿ ಬರುತ್ತವೆ, ಬೆಳಿಗ್ಗೆ ಎದ್ದರೆ ಮೆಟ್ಟಿಲ ತುಂಬ ಚೀಪಿದ ಓಟೆ. "ಈ ಎಲೆ ಗೊಬ್ಬರಗುಂಡಿಲಿ ಬೇಗ ಕರಗಲ್ಲ ಕಣೆ" ಅಂತ ಅತ್ತೆ ದರಗು ಗುಡಿಸುವಾಗೆಲ್ಲ ಹೇಳುತ್ತಾರೆ. ಅಕ್ವೇರಿಯಂ ಇಟ್ಟವರಿಗೆ ಮಾತ್ರ ಈ ಒಣಗಿದೆಲೆ ಬೇಕಾದ ವಸ್ತು. ನೀರಿಗೆ ಟ್ಯಾನಿನ್ ಅನ್ನುವ ಒಗರಿನ ಅಂಶ ಬಿಡುತ್ತದೆ ಅಂತ ಮೀನಿನ ತೊಟ್ಟಿಗೆ ಹಾಕುತ್ತಾರೆ.

ಹೊಳೆದಾಸವಾಳ ಇದರ ಎದುರು ಸಾಧು ಸ್ವಭಾವದ್ದು. ಎಲೆ ಸಣ್ಣದು, ಬಣ್ಣ ತಾಮ್ರದ್ದು. ಬಾದಾಮಿಯ ಹಾಗೆ ದೂರದಿಂದ ಕಣ್ಣಿಗೆ ಹೊಡೆಯುವುದಿಲ್ಲ. ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ನೋಡಬೇಕು, ಆಗ ಇಡೀ ಮರ ಹೊಳೆಯುತ್ತದೆ. ಇದರ ದೊಡ್ಡ ಲಾಭ ಎಂದರೆ ಬೇಸಿಗೆ ಬಂದ ಮೇಲೆ ನೇರಳೆ ಬಣ್ಣದ ಹೂಗೊಂಚಲು. ವರ್ಷದಲ್ಲಿ ಎರಡು ಸಲ ಚಂದ. ನೀರು ನಿಲ್ಲುವ ಜಾಗದಲ್ಲೂ ಬದುಕುತ್ತದೆ, ಹೊಳೆ ದಂಡೆಯ ಮರವೇ ಅಲ್ವಾ. ನಮ್ಮ ಕಾಡಿನ ನಂದಿ ಮರ ಇದರದೇ ಬಳಗ. ಇದಕ್ಕೆ ಎರಡೂ ಊರು ಒಗ್ಗಿತು. ಬಣ್ಣ ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮಳೆ ಡಿಸೆಂಬರಿನವರೆಗೂ ಎಳೆದ ವರ್ಷ ಎಲೆ ಮಂಕು ಕಂದಾಗಿ ಬಿದ್ದುಹೋಗುತ್ತದೆ.

ಪಾಯಿನ್ಸೆಟಿಯಾವನ್ನು ಇಲ್ಲಿ ಸೇರಿಸಬೇಕೋ ಬೇಡವೋ ಅಂತ ಯೋಚಿಸಿದೆ. ಅದರ ಎಲೆ ಉದುರುವ ಮುಂಚೆ ಕೆಂಪಾಗುವುದಲ್ಲ, ಹೂವಿನ ಸುತ್ತ ಬರುವ ಎಲೆಗಳೇ ಕೆಂಪು. ನಿಜವಾದ ಹೂವು ನಡುವೆ ಇರುವ ಪುಟ್ಟ ಹಳದಿ ಗುಂಡುಗಳು. ಆದರೂ ಡಿಸೆಂಬರಿನಲ್ಲಿ ಮಲೆನಾಡಿನ ಬೇಲಿಯಲ್ಲಿ ಇಷ್ಟು ಕೆಂಪು ಬೇರೆ ಯಾವುದರಲ್ಲೂ ಕಾಣುವುದಿಲ್ಲ. ಮೂಲ ಮೆಕ್ಸಿಕೋ. ರಾತ್ರಿ ಉದ್ದವಾದಾಗ ಕೆಂಪಾಗುವ ಗಿಡ ಇದು. ಆ ರಾತ್ರಿ ನಿಜವಾಗಿಯೂ ಕತ್ತಲಾಗಿರಬೇಕು. ತಂಗಿ ಮನೆ ಗೇಟಿನ ಹತ್ತಿರದ ಗಿಡದಲ್ಲಿ ಬೀದಿದೀಪ ಬೀಳುವ ಮಗ್ಗುಲು ಹಸಿರಾಗೇ ಉಳಿಯಿತು, ಮನೆಯ ಕಡೆ ನೆರಳಿನಲ್ಲಿದ್ದ ಕೊಂಬೆಗಳು ಕೆಂಪಾದವು. ಒಂದೇ ಗಿಡ! ನಮ್ಮಲ್ಲಿ ರಾತ್ರಿ ಎಂದರೆ ಪೂರ್ತಿ ಕತ್ತಲೆ. ಹಾಗಾಗಿ ಇದರಲ್ಲಿ ಗೆಲುವು ನಮ್ಮದು. ಹೂ ಮುಗಿದ ಮೇಲೆ ಮೊಳಕಾಲೆತ್ತರಕ್ಕೆ ಕಡಿದುಬಿಡಿ. ಕಡಿದ ಕೋಲನ್ನು ಮಳೆಗಾಲದ ಮುಂದೆ ಊರಿದರೆ ಸುಲಭವಾಗಿ ಚಿಗುರುತ್ತದೆ. ಕಡಿಯುವಾಗ ಅದರ ಹಾಲು ಕೈಗೆ, ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ಉರಿ ಬರುತ್ತದೆ.

ಕ್ರೋಟನ್ ಬಗ್ಗೆ ಹೇಳುವುದು ಕಮ್ಮಿ. ವರ್ಷವಿಡೀ ಬಣ್ಣ, ಕೇಳುವುದೂ ಕಮ್ಮಿ. ಹಲಸಿನ ಕೆಳಗೆ ನೆಟ್ಟದ್ದು ಹಸಿರಾಗುತ್ತಾ ಹೋಯಿತು, ಅದರದೇ ಕಡ್ಡಿ ಬಿಸಿಲ ಧರೆಯ ಮೇಲೆ ಕೆಂಪು ಹಳದಿಯಾಗಿ ಬಂತು. ಆದರೆ ಕಾಲ ಬದಲಾಯಿತು ಅನ್ನುವ ಸುದ್ದಿಯನ್ನು ಕ್ರೋಟನ್ ತರುವುದಿಲ್ಲ. ನನಗೆ ಬೇಕಾದದ್ದು ಆ ಬದಲಾವಣೆ.

ಈ ಹುಡುಕಾಟದಲ್ಲೇ ನನ್ನ ಗಮನ ಚಿಗುರಿನ ಕಡೆ ತಿರುಗಿತು. ಫೆಬ್ರವರಿ, ಮಾರ್ಚಿನಲ್ಲಿ ಘಟ್ಟದ ರಸ್ತೆಯಲ್ಲಿ ಹೋದವರು ನೋಡಿರುತ್ತಾರೆ. ಕಾಡಿನ ನಡುವೆ ಅಲ್ಲಲ್ಲಿ ಕೆಂಪು ಮರಗಳು. ದೂರದಿಂದ ಹೂವು ಅನಿಸುತ್ತದೆ, ಹತ್ತಿರ ಹೋದರೆ ಎಲ್ಲ ಎಳೆ ಎಲೆ. ಸಾಗಡೆ ಮರದ ಚಿಗುರು ಹಾಗೆಯೇ. ಎಳೆ ಎಲೆಯಲ್ಲಿ ಪತ್ರಹರಿತ್ತು ತಡವಾಗಿ ತುಂಬುತ್ತದೆ, ಅಲ್ಲಿಯವರೆಗೆ ಆಂಥೋಸಯನಿನ್ ಬಿಸಿಲಿನಿಂದ ಅದನ್ನು ಕಾಯುತ್ತದೆ. ಚಳಿ ದೇಶದಲ್ಲಿ ಸಾಯುವ ಎಲೆಯಲ್ಲಿ ಬರುವ ಬಣ್ಣ ನಮ್ಮ ಕಾಡಿನಲ್ಲಿ ಹುಟ್ಟುವ ಎಲೆಯಲ್ಲಿ ಬರುತ್ತದೆ. ಇದು ತಿಳಿದ ಮೇಲೆ ನಾನು ಚಿನಾರ್ ಫೋಟೋ ನೋಡಿ ಆಸೆಪಡುವುದು ಬಿಟ್ಟೆ.

ಮನೆಯಂಗಳಕ್ಕೆ ಈ ಬಗೆಯಲ್ಲಿ ಎರಡನ್ನು ಬೆಳೆಸಿದೆವು. ನಾಗಸಂಪಿಗೆ ಮತ್ತು ದಾಲ್ಚಿನ್ನಿ.

ನಾಗಸಂಪಿಗೆಯ ಚಿಗುರು ಇಳಿಬಿದ್ದು ತೂಗುತ್ತದೆ. ಬಟ್ಟೆಯಷ್ಟು ಮೆತ್ತಗೆ, ಬಣ್ಣ ಗುಲಾಬಿ ಬೆರೆತ ಕೆಂಪು. ಬಲಿತ ಎಲೆಯ ಕಡುಹಸಿರಿನ ಮೇಲೆ ಅದು ಎದ್ದು ಕಾಣುತ್ತದೆ. ಆಮೇಲೆ ಬಿಳಿ ಹೂವು, ನಡುವೆ ಹಳದಿ ಕೇಸರದ ಗುಚ್ಛ, ಅಂಗಳದ ತುಂಬ ಪರಿಮಳ. ಅಂದಕ್ಕೆ ಮಾತ್ರ ಬಹುಮಾನ ಕೊಡುವುದಾದರೆ ಇದಕ್ಕೇ ಕೊಡಬೇಕು. ಆದರೆ ಬೆಳವಣಿಗೆ ಬಹಳ ನಿಧಾನ. ನಮ್ಮ ಗಿಡ ಇನ್ನೂ ನನ್ನ ಭುಜಕ್ಕೆ ಬಂದಿಲ್ಲ. ಶಿವಮೊಗ್ಗದ ಗಿಡ ಮೊದಲ ಬೇಸಿಗೆಯಲ್ಲೇ ಒಣಗಿತು. ಎಳೆಯದರಲ್ಲಿ ಇದಕ್ಕೆ ಸ್ವಲ್ಪ ನೆರಳು, ತಂಪು ಮಣ್ಣು ಬೇಕು. ಮಕ್ಕಳು ಮೊಮ್ಮಕ್ಕಳಿಗೆ ಅಂತ ನೆಡುವ ಮರ ಇದು. ನೆಡಲೇಬೇಕಾದ್ದೂ ಹೌದು.

ದಾಲ್ಚಿನ್ನಿ ಬೇಗ ಫಲ ಕೊಡುತ್ತದೆ. ನಮ್ಮಲ್ಲಿ ಹಿತ್ತಲಿಗೊಂದು ದಾಲ್ಚಿನ್ನಿ ಇರುವುದು ಹೊಸದೇನಲ್ಲ, ಆದರೆ ಅದನ್ನು ಬಣ್ಣಕ್ಕೆ ಅಂತ ಬೆಳೆಸುವವರು ಕಮ್ಮಿ. ಎಳೆ ಎಲೆ ಮೊದಲು ಮುಟ್ಟಿದರೆ ಬಾಗುವಷ್ಟು ಮೆದು, ಬಣ್ಣ ಪೂರ್ತಿ ಕೆಂಪು. ದಿನ ಕಳೆದಂತೆ ಗುಲಾಬಿ, ಆಮೇಲೆ ತಿಳಿಹಳದಿ ಬೆರೆತ ಹಸಿರು. ಬುಡದಿಂದ ತುದಿಗೆ ಓಡುವ ಮೂರು ನರಗಳು ಮೊದಲು ಬೆಳ್ಳಗಾಗುತ್ತವೆ, ಅವುಗಳ ನಡುವೆ ಇನ್ನೂ ಕೆಂಪು ನಿಂತಿರುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಹೊತ್ತಲ್ಲಿ ಆ ಎಲೆ ಹಿಡಿದು ನೋಡಿ, ಒಂದೇ ಎಲೆಯಲ್ಲಿ ನಾಲ್ಕು ಬಣ್ಣ ಸಿಗುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಬಾದಾಮಿಗೆ, ಹೊಳೆದಾಸವಾಳಕ್ಕೆ ನಾವು ಕಾಯಬೇಕು. ದಾಲ್ಚಿನ್ನಿಗೆ ಬಣ್ಣ ಯಾವಾಗ ಬರಬೇಕು ಅಂತ ನಾವೇ ತೀರ್ಮಾನ ಮಾಡಬಹುದು. ತೊಗಟೆಗಾಗಿ ಇದನ್ನು ಬುಡಕ್ಕೆ ಕಡಿದು ಮತ್ತೆ ಚಿಗುರಿಸುವ ಪದ್ಧತಿ ಹಳೆಯದು, ಹಾಗಾಗಿ ಕತ್ತರಿಗೆ ಹೆದರುವ ಗಿಡವಲ್ಲ. ಮಳೆ ಬಿಟ್ಟ ಮೇಲೆ ಕೊಂಬೆ ತುದಿಗಳನ್ನು ಸವರಿ, ಬುಡಕ್ಕೆ ಸಗಣಿ ಗೊಬ್ಬರ ಹಾಕಿ ನೀರು ಕೊಟ್ಟರೆ ಕೆಲವೇ ವಾರಗಳಲ್ಲಿ ಗಿಡದ ತುಂಬ ಕೆಂಪು ಚಿಗುರು. ಉದುರುವ ಎಲೆಯ ಮರಕ್ಕೆ ನೀರು, ಗೊಬ್ಬರ ಹಿಡಿತದಲ್ಲಿಡಬೇಕು, ಚಿಗುರಿನ ಮರಕ್ಕೆ ಕೈಬಿಚ್ಚಿ ಕೊಡಬೇಕು. ಬೇಲಿಯಾಗಿಯೂ ಕತ್ತರಿಸಿ ನಿಲ್ಲಿಸಬಹುದು. ಸವರಿದ ಎಲೆ ಪಲಾವಿಗೆ ಆಯಿತು, ಒಣಗಿಸಿ ಡಬ್ಬಿಗೂ ಆಯಿತು. ಶಿವಮೊಗ್ಗದಲ್ಲೂ ಬಂತು, ಮಾರ್ಚ್ ನಂತರ ನೀರು ತಪ್ಪಿಸಬಾರದು ಅಷ್ಟೆ. ಅಲ್ಲಿ ಚಿಗುರಿನ ಕೆಂಪು ಬೇಗ ಹಸಿರಾಗುತ್ತದೆ, ನಮ್ಮಲ್ಲಿ ಇನ್ನೂ ಸ್ವಲ್ಪ ದಿನ ನಿಲ್ಲುತ್ತದೆ.

ಜಾಗ ಹೆಚ್ಚಿದ್ದು, ಬುಡ ಒಣಗುವ ಬಿಸಿಲ ಕಡೆ ಇದ್ದರೆ ಬಾದಾಮಿ ನೆಡಿ, ಮನೆಯಿಂದ ದೂರ ಇರಲಿ. ಹತ್ತಿಪ್ಪತ್ತು ಅಡಿ ಅಂಗಳಕ್ಕೆ ನನ್ನ ಮತ ದಾಲ್ಚಿನ್ನಿಗೆ, ಎರಡನೇ ಮಾತಿಲ್ಲ. ಸಸಿ ಕೊಳ್ಳುವಾಗ ಒಂದು ಎಚ್ಚರ ಬೇಕು. ಬೀಜದಿಂದ ಬಂದ ಸಸಿಗಳಲ್ಲಿ ಚಿಗುರಿನ ಬಣ್ಣ ಒಂದೇ ರೀತಿ ಇರುವುದಿಲ್ಲ. ಕೆಲವು ಕಡುಕೆಂಪು, ಕೆಲವು ಹಸಿರೇ ಜಾಸ್ತಿ. ಎಲ್ಲ ಎಲೆ ಬಲಿತ ಸಸಿ ತಂದರೆ ಯಾವುದು ಅಂತ ಗೊತ್ತಾಗುವುದಿಲ್ಲ. ನರ್ಸರಿಗೆ ಚಿಗುರು ಬರುವ ಹೊತ್ತಿಗೇ ಹೋಗಿ, ಸಾಲಿನಲ್ಲಿ ಅತಿ ಕೆಂಪಾಗಿ ಚಿಗುರಿದ್ದನ್ನು ಆರಿಸಿ ತಂದಿಟ್ಟುಕೊಂಡು, ಆರಿದ್ರಾ ಮಳೆಗೆ ನೆಡಿ.