ನಕ್ಷತ್ರ ವೀಕ್ಷಣೆಗೆ ಹಣ ಕಟ್ಟುವ ಮುನ್ನ ಚಂದ್ರೋದಯ ಯಾವಾಗ ಎಂದು ಕೇಳಿ

ಬೆಟ್ಟದ ಮೇಲೆ ಟೆಂಟಿನಲ್ಲಿ ತಂಗಿ ರಾತ್ರಿಯಿಡೀ ನಕ್ಷತ್ರ ನೋಡುವ ಗುಂಪು ಪ್ರವಾಸದ ಜಾಹೀರಾತು ಕಂಡರೆ ಚಿತ್ರ ನೋಡಿ ಮರುಳಾಗಬೇಡಿ, ದಿನಾಂಕ ನೋಡಿ. ನಮ್ಮ ಜಾಹೀರಾತಿನಲ್ಲಿ ಇದ್ದದ್ದು ಬಾನಿನ ಉದ್ದಕ್ಕೂ ಚಾಚಿದ ಆಕಾಶಗಂಗೆ. ಕರೆದುಕೊಂಡು ಹೋದದ್ದು ಹುಣ್ಣಿಮೆ ಕಳೆದ ಎರಡನೇ ದಿನ, ಬಹುಳ ಬಿದಿಗೆಯಂದು; ಚಂದ್ರನ ಬೆಳಕಿಗೆ ಆಕಾಶಗಂಗೆ ಅಡಗಿಹೋಗುವ ರಾತ್ರಿ! ವಾರಾಂತ್ಯವಾದರೆ ಜನ ಸೇರುತ್ತಾರೆ ಎಂಬುದಷ್ಟೇ ಆಯೋಜಕರ ಲೆಕ್ಕ.

ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ ಕಳೆದು ಎರಡು ದಿನವಾಗಿದ್ದರೆ, ಸಂಜೆಬೆಳಕು ಪೂರ್ತಿ ಆರುವ ಹೊತ್ತಿಗೆ ಚಂದ್ರ ಹೆಚ್ಚುಕಡಿಮೆ ಬಂದೇ ಬಿಟ್ಟಿರುತ್ತಾನೆ. ಅವನು ಬರುವ ಮುನ್ನ ಸಿಗಬೇಕಿದ್ದ ಚೂರು ಕತ್ತಲೂ ನಮಗೆ ದಕ್ಕಲಿಲ್ಲ. ಟೆಂಟು ಹಾಕಲು ಜನರೇಟರ್ ಓಡಿಸಿ ಫ್ಲಡ್‌ಲೈಟ್ ಉರಿಸಿದ್ದರು. ಆರಿಸಿ ಎಂದರೆ, "ಸುರಕ್ಷತೆ ಮುಖ್ಯ ಸರ್" ಎಂಬ ಉತ್ತರ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಷ್ಟರಲ್ಲಿ ಯಾರಾದರೂ ಮೊಬೈಲ್ ಟಾರ್ಚನ್ನು ಮುಖಕ್ಕೆ ಹಿಡಿದರೆ ಆ ಕಾಯುವಿಕೆಯೆಲ್ಲ ನೀರುಪಾಲು. ಇಂಥ ಕಡೆ ಬಳಸಬೇಕಾದ ಮಂದ ಕೆಂಪು ದೀಪ ಹುಡುಕಿದರೂ ಇರಲಿಲ್ಲ.

ಇನ್ನು ದೂರದರ್ಶಕ. ಅಷ್ಟೂ ಜನಕ್ಕೆ ಒಂದೇ ಒಂದು. ಮೋಡವಿಲ್ಲದ ರಾತ್ರಿ ವಸ್ತುಗಳು ಬೇಗ ಶಾಖ ಕಳೆದುಕೊಳ್ಳುತ್ತವೆ, ಗಾಜಿನ ಮೇಲೆ ಇಬ್ಬನಿ ಕೂರುತ್ತದೆ. ಅದನ್ನು ತಡೆಯುವ ಕವಚವೂ ಇರಲಿಲ್ಲ. ಮಾರ್ಗದರ್ಶಿ ಎನಿಸಿಕೊಂಡವರು ಅಂಗಿಯ ತುದಿಯಿಂದಲೇ ಮಸೂರವನ್ನು ಗಸಗಸ ಉಜ್ಜಿದರು. ಗಾಜಿನ ಮೇಲಿನ ತೆಳು ಲೇಪಕ್ಕೆ ಗೀರು ಬೀಳುತ್ತದೆ ಎಂಬ ಅಳುಕೂ ಇಲ್ಲ. ಬಳಿಕ "ಗೆಲಾಕ್ಸಿ ನೋಡಿ" ಎಂದರು. ಕಂಡ ಮಸುಕು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾವೋ, ಗಾಜಿಗೆ ಮೆತ್ತಿದ ತೇವವೋ, ಸಾಲಿನಲ್ಲಿ ನಿಂತ ಯಾರಿಗೂ ತಿಳಿಯಲಿಲ್ಲ.

ಚಳಿಗೆ ಕೊಟ್ಟ ಹೊದಿಕೆಗಳೂ ತೆಳು. ನಡುರಾತ್ರಿಯ ಹೊತ್ತಿಗೆ ಅರ್ಧ ಜನ ವಾಹನದೊಳಗೆ ಸೇರಿಕೊಂಡರು; ಬಾಗಿಲು ತೆರೆದಾಗಲೆಲ್ಲ ಒಳಗಿನ ದೀಪ ಹತ್ತುತ್ತಿತ್ತು.

ಹಣ ವಾಪಸ್ ಕೇಳಿದಾಗ ಬಂದ ಉತ್ತರ: "ಹವಾಮಾನ ನಮ್ಮ ಕೈಯಲ್ಲಿಲ್ಲ." ಅಂದು ಒಂದು ತುಣುಕು ಮೋಡವೂ ಇರಲಿಲ್ಲ. ಚಂದ್ರ ಹುಟ್ಟುವ ಹೊತ್ತು ವರ್ಷಗಳ ಮೊದಲೇ ಲೆಕ್ಕಕ್ಕೆ ಸಿಗುತ್ತದೆ.

ಅಮಾವಾಸ್ಯೆಯ ಆಸುಪಾಸಿನ ದಿನವಲ್ಲದಿದ್ದರೆ ಮುಂಗಡ ಕೊಡಬೇಡಿ. ದೀಪಗಳನ್ನು ಎಷ್ಟು ಹೊತ್ತಿಗೆ ಆರಿಸುತ್ತಾರೆ, ಒಂದು ದೂರದರ್ಶಕಕ್ಕೆ ಎಷ್ಟು ಜನ, ಮೋಡ ಕವಿದರೆ ಹಣದ ಗತಿಯೇನು ಎಂಬುದನ್ನು ಬರಹದಲ್ಲೇ ಪಡೆದುಕೊಳ್ಳಿ. ಫೋನಿನಲ್ಲಿ ಎಲ್ಲದಕ್ಕೂ "ಆಯಿತು ಸರ್" ಎನ್ನುತ್ತಾರೆ.